ಐರ್ಲೆಂಡಿನ ಸುಟ್ಟ ದಫ್ತರಖಾನೆ

ಸರ್ಕಾರಿ ಗುಮಾಸ್ತೆಯ ಕೆಲಸದಲ್ಲಿರುವ ನಮಗೆ ವಯಸ್ಸಿನ ಪುರಾವೆ ಎಂಬ ತೊಡಕು ಹೊಸದಲ್ಲ. ನಮ್ಮ ಹಿರಿಯರಲ್ಲಿ ಅನೇಕರ ಜನ್ಮದಿನವೆಂದರೆ ಶಾಲೆಗೆ ಸೇರಿಸಿಕೊಂಡ ಮೇಷ್ಟರು ಅಂದಾಜಿನಲ್ಲಿ ಬರೆದುಕೊಂಡ ದಿನ. ಮನೆಯ ಅಜ್ಜಿಯನ್ನು ಕೇಳಿದರೆ ಅವರ ಲೆಕ್ಕವೇ ಬೇರೆ: ಕೆರೆ ಕೋಡಿ ಬಿದ್ದ ವರ್ಷ, ಪ್ಲೇಗಿಗೆ ಹೆದರಿ ಊರು ಬಿಟ್ಟ ವರ್ಷ. ಇಂಥ ಲೆಕ್ಕವೇ ಒಂದು ದೇಶದಲ್ಲಿ ಸರ್ಕಾರಿ ಪುರಾವೆಯಾಗಿ ನಡೆದಿತ್ತೆಂದು ಓದಿದಾಗ ನಮಗೆ ಮೊದಲು ನಗು ಬಂತು. ಆ ದೇಶದ ಕಥೆಯನ್ನು ಮುಂದೆ ಓದುತ್ತ ಹೋದಂತೆ ನಗು ನಿಂತಿತು. ಆ ದೇಶ ಐರ್ಲೆಂಡು.

1908ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವೃದ್ಧಾಪ್ಯ ವೇತನದ ಕಾಯಿದೆಯನ್ನು ಮಾಡಿತು. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗುಗಳವರೆಗೆ ವೇತನ. 1909ರ ಜನವರಿಯಿಂದ ಜಾರಿ. ಐರ್ಲೆಂಡು ಆಗ ಬ್ರಿಟನ್ನಿನೊಡನೆ ಒಂದೇ ರಾಜ್ಯವಾಗಿ ಸೇರಿದ್ದುದರಿಂದ ಅಲ್ಲಿಗೂ ಇದು ಅನ್ವಯಿಸಿತು. ಆದರೆ ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ. ಎಪ್ಪತ್ತು ವರ್ಷದ ಮುದುಕ ತನ್ನ ವಯಸ್ಸಿಗೆ ಯಾವ ಕಾಗದ ತರಬೇಕು? 1839ರ ಜನವರಿ 6ರ ರಾತ್ರಿ ಆ ದ್ವೀಪದಲ್ಲೆಲ್ಲ ಭಯಂಕರ ಬಿರುಗಾಳಿ ಬೀಸಿತ್ತು. ಜನ ಅದನ್ನು ‘ದೊಡ್ಡ ಗಾಳಿಯ ರಾತ್ರಿ’ ಎಂದೇ ನೆನೆಯುತ್ತಿದ್ದರು. ಆ ರಾತ್ರಿ ನಿನಗೆ ನೆನಪಿದೆಯೇ ಎಂದು ವೇತನದ ಸಮಿತಿಯವರು ಕೇಳುವರು. ಇದೆ ಎಂದವನಿಗೆ ಎಪ್ಪತ್ತಾಗಿದೆಯೆಂದು ಗ್ರಹಿಸುವರು. ಆ ರಾತ್ರಿ ಹುಟ್ಟಿದ ಕೂಸಿಗೆ ಅದು ನೆನಪಿರಲು ಹೇಗೆ ಸಾಧ್ಯವೆಂದು ನಮ್ಮ ಕಚೇರಿಯಲ್ಲಾಗಿದ್ದರೆ ಖಂಡಿತ ಆಕ್ಷೇಪಣೆ ಬರೆಯುತ್ತಿದ್ದರು. ಸರ್ಕಾರ ಎಣಿಸಿದ್ದಕ್ಕಿಂತ ಹೆಚ್ಚು ಮಂದಿ ವೃದ್ಧರು ಐರ್ಲೆಂಡಿನಲ್ಲಿ ಹೊರಟರೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕೆಂದವರಿಗೆ ಇನ್ನೊಂದು ದಾರಿಯಿತ್ತು. 1841 ಮತ್ತು 1851ರ ಜನಗಣತಿಯಲ್ಲಿ, ಹಳೆಯ ಮೈಸೂರಿನವರ ಮಾತಿನಲ್ಲಿ ಹೇಳುವುದಾದರೆ ಖಾನೇಷುಮಾರಿಯಲ್ಲಿ, ಮನೆ ಮನೆಗೆ ತುಂಬಿಸಿದ ಹಾಳೆಗಳು ಡಬ್ಲಿನ್ ನಗರದ ಸರ್ಕಾರಿ ದಫ್ತರಖಾನೆಯಲ್ಲಿದ್ದವು. ತಂದೆ ತಾಯಿಗಳ ಹೆಸರು, ಊರು, ಪ್ಯಾರಿಷ್, ಜಿಲ್ಲೆ ಇಷ್ಟನ್ನು ಬರೆದು ಅರ್ಜಿ ಕೊಟ್ಟರೆ ಗುಮಾಸ್ತರು ಹುಡುಕಿ, ‘ಇಂಥ ಮನೆಯಲ್ಲಿ ಇಂಥ ಹೆಸರಿನ ಇಷ್ಟು ವಯಸ್ಸಿನ ಮಗು ಇತ್ತು’ ಎಂದೋ ‘ಸಿಗಲಿಲ್ಲ’ ಎಂದೋ ಅದೇ ಕಾಗದದ ಮೇಲೆ ಬರೆಯುತ್ತಿದ್ದರು. ಈ ಅರ್ಜಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವಕ್ಕೆ ಬಂದ ಬೆಲೆ ಆ ಗುಮಾಸ್ತರ ಕನಸಿನಲ್ಲೂ ಬಂದಿರಲಾರದು.

ಡಬ್ಲಿನ್ ನಗರದ ನಡುವೆ ಹರಿಯುವ ಲಿಫಿ ನದಿಯ ಉತ್ತರ ದಂಡೆಯ ಮೇಲೆ ಫೋರ್ ಕೋರ್ಟ್ಸ್ ಎಂಬ ಭವ್ಯವಾದ ನ್ಯಾಯಾಲಯದ ಕಟ್ಟಡವಿದೆ. ಅದರ ಆವರಣದಲ್ಲೇ 1867ರ ಕಾಯಿದೆಯಂತೆ ದಫ್ತರಖಾನೆಯನ್ನು ಸ್ಥಾಪಿಸಿ, ಹದಿಮೂರನೆಯ ಶತಮಾನದಿಂದೀಚಿನ ಸರ್ಕಾರಿ ದಾಖಲೆಗಳನ್ನೆಲ್ಲ ಅಲ್ಲಿಗೆ ತರಿಸಿದರು. ರಾಜಾಜ್ಞೆಗಳ ಸುರುಳಿಗಳು, ಖಜಾನೆಯ ಲೆಕ್ಕಗಳು, ನ್ಯಾಯಾಲಯದ ತೀರ್ಪುಗಳು, ಮೃತ್ಯುಪತ್ರಗಳು, ಚರ್ಚುಗಳ ಜನನ ಮರಣ ವಿವಾಹದ ರಿಜಿಸ್ಟರುಗಳು, ನಾಲ್ಕು ಜನಗಣತಿಗಳ ಹಾಳೆಗಳು. ಬೆಂಕಿಯ ಭಯವನ್ನು ಕಟ್ಟಿಸಿದವರು ಮರೆತಿರಲಿಲ್ಲ. ಜನ ಓಡಾಡುವ ವಾಚನ ಶಾಲೆ ಮತ್ತು ಕಚೇರಿ ಒಂದು ಕಟ್ಟಡ, ದಾಖಲೆಗಳ ಭಂಡಾರ ಇನ್ನೊಂದು ಕಟ್ಟಡ. ಕಚೇರಿಯಲ್ಲಿ ಬೆಂಕಿ ಬಿದ್ದರೂ ಭಂಡಾರಕ್ಕೆ ಹತ್ತಬಾರದೆಂದು ನಡುವೆ ತೆರಪು ಬಿಟ್ಟು ಕಟ್ಟಿದ್ದರು. 1919ರಲ್ಲಿ ಅಲ್ಲಿಯ ಅಧಿಕಾರಿ ಹರ್ಬರ್ಟ್ ವುಡ್ ಎಂಬಾತ ಭಂಡಾರದಲ್ಲಿ ಏನೇನಿದೆ ಎಂಬ ವಿವರವಾದ ಕೈಪಿಡಿಯೊಂದನ್ನು ಅಚ್ಚು ಹಾಕಿಸಿದ. ಅದಾಗಿ ಮೂರೇ ವರ್ಷ.

1921ರ ಡಿಸೆಂಬರಿನಲ್ಲಿ ಐರಿಷ್ ನಾಯಕರು ಬ್ರಿಟನ್ನಿನೊಡನೆ ಒಪ್ಪಂದ ಮಾಡಿಕೊಂಡರು. ದ್ವೀಪದ 32 ಕೌಂಟಿಗಳಲ್ಲಿ 26ಕ್ಕೆ ಸ್ವಯಂ ಆಡಳಿತ; ಉತ್ತರದ ಆರು ಬ್ರಿಟನ್ನಿನಲ್ಲೇ ಉಳಿದವು. ಸ್ವಾತಂತ್ರ್ಯಕ್ಕಾಗಿ ಒಟ್ಟಿಗೆ ಹೋರಾಡಿದವರೇ ಈ ಒಪ್ಪಂದದ ಮೇಲೆ ಎರಡಾಗಿ ಒಡೆದರು. ಐರಿಷ್ ಸಭೆಯಲ್ಲಿ ಅದು ಪಾಸಾದದ್ದು 64ಕ್ಕೆ 57 ಮತಗಳಿಂದ. 1922ರ ಏಪ್ರಿಲ್ 14ರಂದು ಒಪ್ಪಂದ ವಿರೋಧಿಗಳು ಫೋರ್ ಕೋರ್ಟ್ಸನ್ನು ಹಿಡಿದು ಕುಳಿತರು. ಮದ್ದುಗುಂಡುಗಳನ್ನು ದಾಖಲೆಗಳ ಭಂಡಾರದಲ್ಲಿಟ್ಟರು. ಜೂನ್ 28ರಂದು ಮೈಕೆಲ್ ಕಾಲಿನ್ಸರ ತಾತ್ಕಾಲಿಕ ಸರ್ಕಾರ ಬ್ರಿಟಿಷರಿಂದಲೇ ಫಿರಂಗಿಗಳನ್ನು ಕಡ ತಂದು ಗುಂಡು ಹಾರಿಸತೊಡಗಿತು. ಜೂನ್ 30ರ ಮಧ್ಯಾಹ್ನ ದೊಡ್ಡ ಸ್ಫೋಟವಾಗಿ ಭಂಡಾರ ಹೊತ್ತಿ ಉರಿಯಿತು. ಸುಟ್ಟ ಕಾಗದದ ಚೂರುಗಳು ಊರಿನ ಮೇಲೆಲ್ಲ ತೇಲಿ, ಮೈಲಿಗಳಾಚೆ ಸಮುದ್ರ ತೀರದ ಹೌತ್ ಎಂಬಲ್ಲಿಯವರೆಗೂ ಹೋಗಿ ಬಿದ್ದವು. ಬೆಂಕಿ ಕಚೇರಿಯ ಕಡೆಯಿಂದ ಬರುವುದೆಂದು ಎಣಿಸಿ ಕಟ್ಟಿದ್ದ ತೆರಪು ತನ್ನ ಕೆಲಸವನ್ನು ತಿರುವುಮುರುವಾಗಿ ಮಾಡಿತು: ಭಂಡಾರ ಬೂದಿಯಾಯಿತು, ಕಚೇರಿ ಉಳಿಯಿತು. ಇದು ಯಾರ ತಪ್ಪೆಂಬ ವಾದ ಇನ್ನೂ ಮುಗಿದಿಲ್ಲ. ಭಂಡಾರದಲ್ಲಿ ಮದ್ದು ಇಟ್ಟವರೂ ಅದರ ಪಕ್ಕಕ್ಕೆ ಫಿರಂಗಿ ಹಾರಿಸಿದವರೂ ಇಬ್ಬರೂ ದೇಶಭಕ್ತರೇ. ಇಬ್ಬರಲ್ಲಿ ಯಾರಿಗೂ ಆ ಹೊತ್ತಿನಲ್ಲಿ ಕಾಗದಗಳ ಚಿಂತೆ ಇರಲಿಲ್ಲವೆಂದು ನಮಗೆ ತೋರುತ್ತದೆ.

ಹೋದದ್ದು ಎಷ್ಟು ಎಂಬುದಕ್ಕೆ ಜನಗಣತಿಯ ಉದಾಹರಣೆಯೊಂದೇ ಸಾಕು. 1841ರಲ್ಲಿ ಐರ್ಲೆಂಡಿನ ಜನಸಂಖ್ಯೆ ಸುಮಾರು 81 ಲಕ್ಷ 75 ಸಾವಿರ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ಬಿತ್ತು. ಬಡವರಿಗೆ ಹೊತ್ತು ಹೊತ್ತಿಗೂ ಅದೇ ಆಹಾರ. ಬೆಳೆ ಮತ್ತೆ ಮತ್ತೆ ಹೋಗಿ ಮಹಾಕ್ಷಾಮ ಬಂತು. 1851ರ ಗಣತಿಯಲ್ಲಿ ಸಿಕ್ಕಿದವರು ಸುಮಾರು 65 ಲಕ್ಷ 50 ಸಾವಿರ. ಹತ್ತು ವರ್ಷದಲ್ಲಿ ಹದಿನಾರು ಲಕ್ಷ ಮಂದಿ ಕಡಮೆ: ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರಗಳಿಂದ ಸತ್ತರು, ಅಷ್ಟೇ ಮಂದಿ ಹಡಗು ಹತ್ತಿ ಹೋದರು. ಈ ಎರಡು ಗಣತಿಗಳ ಮೊತ್ತಗಳೆಲ್ಲ ಅಚ್ಚಾದ ವರದಿಗಳಲ್ಲಿ ಭದ್ರವಾಗಿವೆ. ಆದರೆ ಯಾವ ಮನೆಯಲ್ಲಿ ಯಾರಿದ್ದರು, ಹತ್ತು ವರ್ಷದ ಮೇಲೆ ಆ ಮನೆಯಲ್ಲಿ ಯಾರು ಉಳಿದಿದ್ದರು ಎಂದು ಹೋಲಿಸಿ ನೋಡಬಹುದಾಗಿದ್ದ ಹಾಳೆಗಳು, ಕ್ಯಾವನ್ ಮುಂತಾದ ಕೆಲವೆಡೆಯ ಚೂರುಪಾರು ಬಿಟ್ಟರೆ, 1922ರಲ್ಲಿ ಬೂದಿಯಾದವು. 1821 ಮತ್ತು 1831ರವುಗಳ ಗತಿಯೂ ಅದೇ.

ಇನ್ನು 1861ರಿಂದ 1891ರವರೆಗಿನ ನಾಲ್ಕು ಗಣತಿಗಳ ಹಾಳೆಗಳು? ಅವನ್ನು ಯಾವ ಫಿರಂಗಿಯೂ ಸುಡಲಿಲ್ಲ. ಮೊದಲಿನ ಎರಡನ್ನು ಗಣತಿ ಮುಗಿದ ಸ್ವಲ್ಪ ಕಾಲದಲ್ಲೇ ಸರ್ಕಾರದ ಆಜ್ಞೆಯಂತೆ ನಾಶಮಾಡಲಾಯಿತು. ಉಳಿದೆರಡನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಟು ಮಾಡಿ ರದ್ದಿಯಾಗಿ ಬಳಸಿದರು. ಬೆಂಕಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ರದ್ದಿಯ ಕಥೆಯನ್ನು ಯಾರೂ ಹೇಳುವುದಿಲ್ಲ. ಹಳೆಯ ಕಡತಗಳ ಪಟ್ಟಿ ಮಾಡಿ ‘ನಾಶಮಾಡಬಹುದು’ ಎಂದು ಷರಾ ಬರೆದು ಅನುಭವವಿರುವ ನಮಗೆ ಈ ಎರಡನೆಯ ಕಥೆಯೇ ಹೆಚ್ಚು ಚುಚ್ಚಿತು.

ಇಷ್ಟಾದ ಮೇಲೂ ಐರ್ಲೆಂಡಿನ ಚರಿತ್ರೆಯನ್ನು ಬರೆದಿದ್ದಾರೆ, ಬರೆಯುತ್ತಿದ್ದಾರೆ. ಹೇಗೆಂಬುದೇ ಸೋಜಿಗ. ಭಂಡಾರಕ್ಕೆ ಬಾರದೆ ಹೊರಗೆ ಚೆದುರಿಕೊಂಡಿದ್ದದ್ದೇ ಈಗ ಕೈಹಿಡಿಯಿತು. 1870ರ ದಶಕದಲ್ಲಿ ಪ್ರಾಟೆಸ್ಟೆಂಟ್ ಚರ್ಚುಗಳ ಹಳೆಯ ರಿಜಿಸ್ಟರುಗಳನ್ನು ದಫ್ತರಖಾನೆಗೆ ಒಪ್ಪಿಸಬೇಕೆಂದು ಸರ್ಕಾರ ವಿಧಿಸಿತ್ತು. ತಮ್ಮಲ್ಲೇ ಭದ್ರವಾದ ಸ್ಥಳವಿದೆಯೆಂದು ತೋರಿಸಿದವರಿಗೆ ಮಾತ್ರ ವಿನಾಯಿತಿ. ವಿಧೇಯರಾಗಿ ಒಪ್ಪಿಸಿದ ಸುಮಾರು ಒಂದು ಸಾವಿರ ಪ್ಯಾರಿಷ್‌ಗಳ ರಿಜಿಸ್ಟರುಗಳು ಹೆಚ್ಚುಕಡಮೆ ಎಲ್ಲವೂ ಸುಟ್ಟವು. ಒಪ್ಪಿಸುವುದಕ್ಕೆ ಮುನ್ನ ಕುಳಿತು ನಕಲು ಮಾಡಿಕೊಂಡ ಪಾದ್ರಿಗಳೂ ಕೆಲವರಿದ್ದರು. ಆ ನಕಲುಗಳೇ ಇಂದು ಮೂಲ. ಬಹುಸಂಖ್ಯಾತರಾದ ಕ್ಯಾಥೊಲಿಕರ ರಿಜಿಸ್ಟರುಗಳಿಗೆ ಈ ಆಜ್ಞೆಯೇ ಇರಲಿಲ್ಲವಾಗಿ ಹಳ್ಳಿಯ ಚರ್ಚುಗಳಲ್ಲೇ ಉಳಿದವು. 1901 ಮತ್ತು 1911ರ ಗಣತಿಯ ಹಾಳೆಗಳು ಆ ಭಂಡಾರಕ್ಕೆ ಸೇರಿರದ ಕಾರಣ ಪೂರ್ಣವಾಗಿ ಉಳಿದಿವೆ. 1911ರ ಹಾಳೆಯಲ್ಲಿ ಗೃಹಿಣಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವ ಮಕ್ಕಳೆಷ್ಟು ಎಂಬ ಎರಡು ಕಲಂಗಳಿವೆ; ಆ ಎರಡು ಅಂಕಿಗಳ ನಡುವಿನ ಅಂತರವನ್ನು ಓದಲು ಚರಿತ್ರಕಾರನೇ ಆಗಬೇಕೆಂದಿಲ್ಲ.

ವೃದ್ಧಾಪ್ಯ ವೇತನದ ಅರ್ಜಿಗಳೂ ಉಳಿದವು. 1841 ಮತ್ತು 1851ರ ಗಣತಿಯಿಂದ ಹುಡುಕಿ ಬರೆದುಕೊಟ್ಟ ಆ ಸಾಲುಗಳು, ಎಷ್ಟೋ ಸಂಸಾರಗಳ ಮಟ್ಟಿಗೆ, ಸುಟ್ಟುಹೋದ ಹಾಳೆಗಳ ಏಕಮಾತ್ರ ನಕಲು. ವಾರಕ್ಕೆ ಐದು ಷಿಲಿಂಗಿನ ಆಸೆಯಿಂದ ಒಬ್ಬ ಮುದುಕಿ ಅರ್ಜಿ ಹಾಕಿದ್ದರಿಂದ ಅವಳ ತಂದೆ ತಾಯಿ ಒಡಹುಟ್ಟಿದವರ ಹೆಸರುಗಳು ಉಳಿದವು.

ಲಂಡನ್ನಿನಲ್ಲಿಯೂ ಬಹಳ ಉಳಿದಿತ್ತು. ಮಧ್ಯಯುಗದಲ್ಲಿ ಐರ್ಲೆಂಡಿನ ಖಜಾನೆಯ ಅಧಿಕಾರಿ ತನ್ನ ಲೆಕ್ಕವನ್ನು ಇಂಗ್ಲೆಂಡಿಗೆ ಒಯ್ದು ಆಡಿಟ್ ಮಾಡಿಸಬೇಕಿತ್ತು. ಒಯ್ದ ಸುರುಳಿಗಳು ಅಲ್ಲೇ ಉಳಿದು ಈಗ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆಳಿದವರ ಆಡಿಟ್ಟು ಆಳಿಸಿಕೊಂಡವರ ಚರಿತ್ರೆಯನ್ನು ಕಾಪಾಡಿದ್ದು ಐರಿಷರಿಗೆ ಅಷ್ಟೇನೂ ಹಿತವಾದ ಸಂಗತಿಯಲ್ಲ, ಆದರೆ ಸತ್ಯ.

ಭಾಷೆಯ ವಿಷಯ ಇನ್ನೂ ವಿಚಿತ್ರ. ಎಂಟು ಒಂಬತ್ತನೆಯ ಶತಮಾನಗಳ ಹಳೆಯ ಐರಿಷ್ ನಮಗೆ ಮುಖ್ಯವಾಗಿ ದೊರೆಯುವುದು ಐರ್ಲೆಂಡಿನ ಹೊರಗೆ. ಯೂರೋಪಿನ ಮಠಗಳಿಗೆ ವಲಸೆ ಹೋದ ಐರಿಷ್ ಸನ್ಯಾಸಿಗಳು ಲ್ಯಾಟಿನ್ ಗ್ರಂಥಗಳ ಸಾಲುಗಳ ನಡುವೆ ತಮ್ಮ ಮಾತಿನಲ್ಲಿ ಬರೆದ ಟಿಪ್ಪಣಿಗಳು ಸ್ವಿಟ್ಜರ್ಲೆಂಡು, ಜರ್ಮನಿ, ಇಟಲಿಯ ಪುಸ್ತಕ ಭಂಡಾರಗಳಲ್ಲಿ ಉಳಿದುಬಂದವು. ಅವುಗಳಿಂದ ವ್ಯಾಕರಣ ಕಟ್ಟಿ 1853ರಲ್ಲಿ ಪ್ರಕಟಿಸಿದವನು ಜೋಹಾನ್ ಕಾಸ್ಪರ್ ಝಾಯಿಸ್ ಎಂಬ ಜರ್ಮನ್ ಉಪಾಧ್ಯಾಯ. ಇದರಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆ. ಡಬ್ಲಿನ್ನಿನ ವಿಟ್ಲಿ ಸ್ಟೋಕ್ಸ್ ಎಂಬಾತ 1862ರಲ್ಲಿ ಇಂಡಿಯಕ್ಕೆ ಬಂದು, 1877ರಿಂದ 1882ರವರೆಗೆ ವೈಸರಾಯರ ಸಭೆಯಲ್ಲಿ ಕಾನೂನು ಸದಸ್ಯನಾಗಿ ನಮ್ಮ ಅನೇಕ ಕಾಯಿದೆಗಳನ್ನು ರಚಿಸಿದವನು. ಹಗಲು ಕಾಯಿದೆ, ಬಿಡುವಿನಲ್ಲಿ ಹಳೆಯ ಐರಿಷ್. ಯೂರೋಪಿನ ಮಠಗಳಲ್ಲಿ ಸಿಕ್ಕ ಐರಿಷ್ ಟಿಪ್ಪಣಿಗಳ ಸಂಗ್ರಹವೊಂದನ್ನು ಅವನು 1866ರಲ್ಲಿ ಅಚ್ಚು ಹಾಕಿಸಿದ್ದು ಕಲ್ಕತ್ತೆಯಲ್ಲಿ! ಹಾಗೆಯೇ ಕನ್ನಡವೂ ಸೇರಿದಂತೆ ಈ ದೇಶದ ಭಾಷೆಗಳ ಸರ್ವೇಕ್ಷಣೆ ನಡೆಸಿದ ಜಾರ್ಜ್ ಗ್ರಿಯರ್ಸನ್ ಕೂಡ ಡಬ್ಲಿನ್ ಸೀಮೆಯವನೇ.

ಈ ಕಥೆಯಲ್ಲಿ ನಮಗೆ ಎಲ್ಲರಿಗಿಂತ ಹತ್ತಿರವಾದವನು ಓವನ್ ಮ್ಯಾಕ್‌ನೀಲ್. 1867ರಲ್ಲಿ ಉತ್ತರದ ಆಂಟ್ರಿಮ್ ಕೌಂಟಿಯಲ್ಲಿ ಹುಟ್ಟಿದ. 1887ರಲ್ಲಿ ಡಬ್ಲಿನ್ ನ್ಯಾಯಾಲಯಗಳ ಲೆಕ್ಕಪತ್ರ ಕಚೇರಿಯಲ್ಲಿ ಕಿರಿಯ ಗುಮಾಸ್ತನಾಗಿ ಸೇರಿದ. ಕಚೇರಿಯ ಕೆಲಸದ ಜೊತೆಗೆ ಐರಿಷ್ ಕಲಿತು, ರಜೆಯಲ್ಲಿ ಆ ಭಾಷೆಯಾಡುವ ಪಶ್ಚಿಮದ ಆರನ್ ದ್ವೀಪಗಳಿಗೆ ಹೋಗಿ ಬಂದು, 1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರೊಡನೆ ಭಾಷೆಯ ಉದ್ಧಾರಕ್ಕಾಗಿ ಗೇಲಿಕ್ ಲೀಗನ್ನು ಸ್ಥಾಪಿಸಿದ. 1909ರಲ್ಲಿ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಚೀನ ಐರಿಷ್ ಚರಿತ್ರೆಯ ಪ್ರಾಧ್ಯಾಪಕನಾದ. ಗುಮಾಸ್ತೆಯಿಂದ ಪ್ರಾಧ್ಯಾಪಕ ಪದವಿಗೆ ಹೋದವರು ಯಾವ ದೇಶದಲ್ಲೂ ಹೆಚ್ಚಿಲ್ಲ. 1916ರ ದಂಗೆಯ ಕಾಲಕ್ಕೆ ಅವನು ಸ್ವಯಂಸೇವಕ ದಳದ ಮುಖ್ಯಸ್ಥ, ದಂಗೆ ಬೇಡವೆಂದು ಆಜ್ಞೆ ಕಳಿಸಿದರೂ ದಂಗೆ ನಡೆಯಿತು, ಅವನಿಗೂ ಜೀವಾವಧಿ ಶಿಕ್ಷೆಯಾಯಿತು, ಮರುವರ್ಷ ಬಿಡುಗಡೆ. 1922ರ ಆಗಸ್ಟಿನಲ್ಲಿ ಹೊಸ ಸರ್ಕಾರದ ವಿದ್ಯಾಮಂತ್ರಿಯಾದ. ಮುಂದಿನ ತಿಂಗಳೇ ಸ್ಲೈಗೊ ಕೌಂಟಿಯ ಬೆಟ್ಟದಲ್ಲಿ, ಒಪ್ಪಂದ ವಿರೋಧಿಗಳ ಪರವಾಗಿ ಹೋರಾಡುತ್ತಿದ್ದ ಅವನ ಮಗ ಬ್ರಿಯನ್, ತಂದೆಯ ಸರ್ಕಾರದ ಸೈನಿಕರ ಕೈಯಲ್ಲಿ ಸತ್ತ.

ಆ ತಂದೆ 1928ರಲ್ಲಿ ಐರಿಷ್ ಹಸ್ತಪ್ರತಿ ಆಯೋಗದ ಮೊದಲ ಅಧ್ಯಕ್ಷನಾಗಿ, ಬೆಂಕಿಯಿಂದ ಉಳಿದ ಮೂಲಗಳನ್ನು ಹುಡುಕಿ ಅಚ್ಚು ಹಾಕಿಸುವ ಕೆಲಸಕ್ಕೆ ಕೈಹಾಕಿದ. ಅವನ ಮನಸ್ಸಿನಲ್ಲಿ ಏನಿತ್ತೋ ನಾವು ಬಲ್ಲವರಲ್ಲ.

ಮುಂದಿನ ತಲೆಮಾರಿನಲ್ಲಿ ಇಬ್ಬರು ಬಂದರು. ಬೆಲ್‌ಫಾಸ್ಟಿನ ಪ್ರಾಟೆಸ್ಟೆಂಟ್ ಟಿ. ಡಬ್ಲ್ಯು. ಮೂಡಿ ಮತ್ತು ಡಬ್ಲಿನ್ನಿನ ಕ್ಯಾಥೊಲಿಕ್ ಆರ್. ಡಡ್ಲಿ ಎಡ್ವರ್ಡ್ಸ್, ಲಂಡನ್ನಿನಲ್ಲಿ ಸಂಶೋಧನ ವಿದ್ಯಾರ್ಥಿಗಳಾಗಿದ್ದಾಗ ಪರಿಚಯವಾದವರು. 1938ರಲ್ಲಿ ಇವರು ‘ಐರಿಷ್ ಹಿಸ್ಟಾರಿಕಲ್ ಸ್ಟಡೀಸ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ದೇಶ ಎರಡಾಗಿದ್ದರೂ ಪತ್ರಿಕೆ ಗಡಿಯ ಎರಡೂ ಬದಿಯ ವಿದ್ವಾಂಸರಿಗೆ ಸೇರಿದ್ದು. ಮೊದಮೊದಲು 1900ರಿಂದೀಚಿನ ರಾಜಕೀಯದ ಲೇಖನಗಳನ್ನೇ ತೆಗೆದುಕೊಳ್ಳುವುದಿಲ್ಲವೆಂಬ ನಿಯಮ ಇಟ್ಟುಕೊಂಡಿದ್ದರು. ಇನ್ನೂ ಆರದ ಗಾಯವನ್ನು ಕೆರೆಯುವುದು ಬೇಡವೆಂಬ ವಿವೇಕವೋ, ಹೆದರಿಕೆಯೋ, ಎರಡೂ ಇದ್ದಿರಬೇಕು. ವೀರಗಾಥೆಯನ್ನು ಬಿಟ್ಟು ದಾಖಲೆಯನ್ನು ನೋಡಿ ಎಂಬುದು ಅವರ ಮಂತ್ರ.

ಈ ಮಂತ್ರಕ್ಕೆ ದೊಡ್ಡ ಪರೀಕ್ಷೆ ಕ್ಷಾಮದ ವಿಷಯದಲ್ಲಿ ಬಂತು. ಶತಮಾನೋತ್ಸವದ ನಿಮಿತ್ತ ಒಂದು ಚರಿತ್ರೆಯನ್ನು ಬರೆಸಲು ಪ್ರಧಾನಿ ಡಿ ವೆಲೆರಾ ಹಣ ಒದಗಿಸಿದರು. ಎಡ್ವರ್ಡ್ಸ್ ಮತ್ತು ಡೆಸ್ಮಂಡ್ ವಿಲಿಯಮ್ಸ್ ಸಂಪಾದಿಸಿದ ಆ ಗ್ರಂಥ ಹೊರಬಂದಾಗ 1956. ಅಧ್ಯಾಯಕ್ಕೊಬ್ಬ ಪಂಡಿತ, ಆಡಳಿತ, ವೈದ್ಯಕೀಯ, ವಲಸೆ ಎಲ್ಲವೂ ಉಂಟು. ಸತ್ತವರ ಸಂಖ್ಯೆಯನ್ನು ಎಣಿಸಿ ಹೇಳುವ ಗೋಜಿಗೆ ಮಾತ್ರ ಹೋಗಲಿಲ್ಲ. ಜನರ ಬಾಯಿಂದ ಬಂದ ನೆನಪುಗಳಿಗೆ ಒಂದೇ ಅಧ್ಯಾಯ, ರಾಜರ್ ಮಕ್‌ಹ್ಯೂ ಬರೆದದ್ದು. 1962ರಲ್ಲಿ ಸಿಸಿಲ್ ವುಡ್‌ಹ್ಯಾಮ್ ಸ್ಮಿತ್ ಎಂಬ ಮಹಿಳೆ ಕ್ಷಾಮದ ಬಗ್ಗೆ ಕಣ್ಣಿಗೆ ಕಟ್ಟುವಂತೆ ಒಂದು ಪುಸ್ತಕ ಬರೆದಳು. ಪಂಡಿತರು ಮೂಗು ಮುರಿದರು, ಜನ ಕೊಂಡು ಓದಿದರು. 1989ರಲ್ಲಿ ಬ್ರೆಂಡನ್ ಬ್ರಾಡ್‌ಷಾ ಎಂಬ ಪಾದ್ರಿ ಚರಿತ್ರಕಾರರು ಮೂಡಿ ಎಡ್ವರ್ಡ್ಸರ ಅದೇ ಪತ್ರಿಕೆಯಲ್ಲೇ, ನಿಷ್ಪಕ್ಷಪಾತದ ಹೆಸರಿನಲ್ಲಿ ನಮ್ಮ ವಿದ್ವಾಂಸರು ಜನರ ಸಂಕಟವನ್ನೇ ಮರೆಮಾಡಿದರೆಂದು ಆಕ್ಷೇಪಿಸಿದರು. ನಮ್ಮ ಅಭಿಪ್ರಾಯ ಕೇಳಿದರೆ, ಎರಡೂ ಕಡೆ ಸತ್ಯವಿದೆ. ಸಂಖ್ಯೆಯನ್ನು ಉಬ್ಬಿಸಿ ಹಗೆ ಬೆಳೆಸುವುದು ತಪ್ಪು. ಆದರೆ ಹತ್ತು ಲಕ್ಷ ಸಾವನ್ನು ಆಡಳಿತ ವರದಿಯ ಭಾಷೆಯಲ್ಲಿ ಹೇಳಿ ಮುಗಿಸುವುದೂ ಒಂದು ಬಗೆಯ ಪಕ್ಷಪಾತವೇ.

ಆ ಬಾಯಿಮಾತಿನ ನೆನಪುಗಳು ಎಲ್ಲಿಂದ ಬಂದವು? 1935ರಲ್ಲಿ ಷೇಮಸ್ ಓ ಡೂಲಾರ್ಗ ಎಂಬುವರ ನೇತೃತ್ವದಲ್ಲಿ ಐರಿಷ್ ಜಾನಪದ ಆಯೋಗ ಏರ್ಪಟ್ಟಿತು. ಅದರ ಸಂಗ್ರಾಹಕರು ಸೈಕಲ್ಲಿನ ಮೇಲೆ, ಕಾರಿನಲ್ಲಿ ಹಳ್ಳಿ ತಿರುಗುತ್ತ, ಮೇಣದ ಉರುಳೆಯ ಮೇಲೆ ಧ್ವನಿ ಮುದ್ರಿಸುವ ಯಂತ್ರ ಹೊತ್ತು, ಮುದುಕರ ಮಾತನ್ನು ಹಿಡಿದರು. ಹಣವಿಲ್ಲದ ಕಾರಣ, ಬರೆದುಕೊಂಡಾದ ಮೇಲೆ ಉರುಳೆಯನ್ನು ಹೆರೆದು ಮತ್ತೆ ಬಳಸಬೇಕಿತ್ತು; ಎಷ್ಟೋ ಕಂಠಗಳು ಹೀಗೆ ಹೋಗಿ ಬರಹ ಮಾತ್ರ ಉಳಿಯಿತು.

ಇದಕ್ಕಿಂತ ದೊಡ್ಡ ಕೆಲಸವನ್ನು ಮಕ್ಕಳು ಮಾಡಿದರು. 1937 ಮತ್ತು 1938ರಲ್ಲಿ 26 ಕೌಂಟಿಗಳ ಸುಮಾರು 5,000 ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಹುಡುಗ ಹುಡುಗಿಯರಿಗೆ, ಪ್ರಬಂಧದ ಬದಲು, ಮನೆಯ ಮತ್ತು ನೆರೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಹೇಳಲಾಯಿತು. ಊರಿನ ಕಥೆ, ನಾಟಿ ಔಷಧ, ಹಳೆಯ ಕಸುಬು, ಹೂತಿಟ್ಟ ನಿಧಿ, ದೊಡ್ಡ ಗಾಳಿ, ಕ್ಷಾಮದ ಕಾಲ. ಏಳು ಲಕ್ಷಕ್ಕೂ ಮಿಕ್ಕಿದ ಪುಟಗಳು ಸಂಗ್ರಹವಾದವು. ಕ್ಷಾಮ ಕಂಡವರ ಮಕ್ಕಳು ಆಗ ಅಜ್ಜ ಅಜ್ಜಿಯರಾಗಿ ಬದುಕಿದ್ದರು. ಇಂಥ ರಸ್ತೆಯ ತಿರುವಿನ ಮನೆಯಲ್ಲಿ ಒಂದು ಸಂಸಾರವಿತ್ತು, ಕ್ಷಾಮದ ಮೇಲೆ ಯಾರೂ ಇಲ್ಲ ಎಂಬಂಥ ಮಾತುಗಳನ್ನು ಹನ್ನೆರಡು ವರ್ಷದ ಮಕ್ಕಳು ಗುಂಡಕ್ಷರದಲ್ಲಿ ಬರೆದಿದ್ದಾರೆ. 1851ರ ಹಾಳೆಗಳು ಹೋದ ಮೇಲೆ ಇಂಥ ಮನೆಗಳ ಗುರುತು ಹೇಳುವ ಕಾಗದ ಎಷ್ಟೋ ಊರುಗಳಲ್ಲಿ ಈ ಶಾಲೆಯ ನೋಟುಬುಕ್ಕೇ. ಬಾಯಿಮಾತಿನಲ್ಲಿ ತಪ್ಪುಗಳಿರುತ್ತವೆ, ಊರ ಸಾಹುಕಾರನ ಮೇಲಿನ ಹಗೆ ಇರುತ್ತದೆ. ಅದನ್ನು ಸೋಸಿಕೊಳ್ಳುವುದು ವಿದ್ವಾಂಸರ ಕೆಲಸ. ನಗರಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದನ್ನೋದುವಾಗ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇವೆ. ನಮ್ಮ ಮಕ್ಕಳಿಗೆ ಅಜ್ಜಿಯೊಡನೆ ಮಾತಾಡಲು ಸಿಗುವುದು ಬೇಸಗೆ ರಜೆಯ ಒಂದು ತಿಂಗಳು. ಅದರಲ್ಲೂ ಅರ್ಧ ರೈಲು ಟಿಕೇಟಿನ ತಾಪತ್ರಯ.

ಸ್ವಾತಂತ್ರ್ಯ ಹೋರಾಟದವರ ನೆನಪುಗಳನ್ನೂ ಸರ್ಕಾರ ಬರೆಸಿತು. 1947ರಿಂದ 1957ರವರೆಗೆ ಸೈನಿಕ ಚರಿತ್ರೆಯ ಕಚೇರಿಯೊಂದು 1,773 ಹೇಳಿಕೆಗಳನ್ನು ಸಂಗ್ರಹಿಸಿತು. ಆದರೆ ಪ್ರಶ್ನೆಗಳು 1913ರಿಂದ 1921ರ ಕದನ ವಿರಾಮದವರೆಗೆ ಮಾತ್ರ. ಮುಂದಿನ ವರ್ಷದ ಅಣ್ಣತಮ್ಮಂದಿರ ಯುದ್ಧದ ಬಗ್ಗೆ ಕೇಳಲಿಲ್ಲ. ಬರೆಸಿಕೊಂಡದ್ದನ್ನೂ ಉಕ್ಕಿನ ಪೆಟ್ಟಿಗೆಗಳಲ್ಲಿ ಬೀಗ ಹಾಕಿಟ್ಟು, ಹೋರಾಟದ ಪಿಂಚಣಿ ಪಡೆಯುತ್ತಿದ್ದ ಕೊನೆಯವರು ತೀರಿಕೊಂಡ ಮೇಲೆ 2003ರಲ್ಲಿ ತೆರೆದರು.

ಬೆಂಕಿಯ ನೂರನೆಯ ವರ್ಷವಾದ 2022ರ ಜೂನಿನಲ್ಲಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪೀಟರ್ ಕ್ರುಕ್ಸ್ ಮುಂದಾಳ್ತನದಲ್ಲಿ, ಸುಟ್ಟ ಭಂಡಾರವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ಜನರಿಗೆ ಬಿಟ್ಟುಕೊಟ್ಟರು. ಡಬ್ಲಿನ್, ಬೆಲ್‌ಫಾಸ್ಟ್, ಲಂಡನ್ ಮೂರೂ ಕಡೆಯ ಪತ್ರಾಗಾರಗಳು ಇದರಲ್ಲಿ ಪಾಲುದಾರರು. ಲಂಡನ್ನಿನ ಆಡಿಟ್ ಸುರುಳಿಗಳು, ಹಿಂದೆ ಯಾರೋ ಮಾಡಿಕೊಂಡಿದ್ದ ನಕಲುಗಳು, ಅಚ್ಚಾದ ಸಾರಾಂಶಗಳು, ಎಲ್ಲವನ್ನೂ ತಂದು, ಅವುಗಳ ಮೂಲ ಯಾವ ಕಪಾಟಿನಲ್ಲಿತ್ತೋ ಅದೇ ಸ್ಥಳದಲ್ಲಿ ತೋರಿಸುತ್ತಾರೆ. ಸ್ಥಳ ಗೊತ್ತಾದದ್ದು ಹೇಗೆಂದರೆ, ಹರ್ಬರ್ಟ್ ವುಡ್ಡನ 1919ರ ಕೈಪಿಡಿಯಿಂದ. ತನ್ನ ವಶದಲ್ಲಿರುವ ಸಾಮಾನಿನ ಪಟ್ಟಿಯನ್ನು ನೀಟಾಗಿ ಮಾಡಿಟ್ಟ ಒಬ್ಬ ಅಧಿಕಾರಿಯ ಪುಸ್ತಕ, ಆ ಸಾಮಾನೇ ಇಲ್ಲವಾದ ಮೇಲೆ ನೂರು ವರ್ಷಕ್ಕೆ ಕೆಲಸಕ್ಕೆ ಬಂತು.

1922ರಲ್ಲಿ ಬೂದಿಯ ರಾಶಿಯಿಂದ ಆಯ್ದು ತೆಗೆದ ಚೂರುಗಳೂ ಇದ್ದವು. ಬೆಂಕಿಯ ಝಳಕ್ಕೆ ಮುರುಟಿ ಗಟ್ಟಿಯಾದ ಚರ್ಮದ ಹಾಳೆಗಳನ್ನು ಆಗಿನ ನೌಕರರು ಕಂದು ಕಾಗದದ ಪೊಟ್ಟಣಗಳಲ್ಲಿ ಸುತ್ತಿ, ಚೀಟಿ ಅಂಟಿಸಿ ಇಟ್ಟಿದ್ದರು. ಬಿಡಿಸಲು ಹೋದರೆ ಪುಡಿಯಾಗುವುದೆಂದು ದಶಕಗಳ ಕಾಲ ಅವನ್ನು ಮುಟ್ಟಿರಲಿಲ್ಲ. ಈಗ ಸಂರಕ್ಷಕರು ಒಂದೊಂದನ್ನೇ ಬಿಚ್ಚಿ, ಹದವಾಗಿ ತೇವ ಕೊಟ್ಟು, ಮಡಿಕೆ ಬಿಡಿಸುತ್ತಿದ್ದಾರೆ. ಕೆಲವು ಹಾಳೆಗಳಲ್ಲಿ ಮಸಿ ಇನ್ನೂ ಕಪ್ಪಾಗಿಯೇ ಇದೆ.